ಯುದ್ಧಕ್ಕಿಳಿಯೋ ತೀರ್ಮಾನ, ನೆಲಕಚ್ಚೋ ನೀತಿ: ಎತ್ತಿನ ಲೆಕ್ಕ ಕೇಳಿದವರು ಯಾರು?

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ದೇಶಗಳು ಯುದ್ಧಕ್ಕೆ ಹೋಗೋದು ಅಹಂಕಾರಕ್ಕೆ, ಸರ್ಕಾರದ ದೊಡ್ಡ ನೀತಿಗಳು ಬಿದ್ದುಹೋಗೋದು ಲಂಚಕ್ಕೆ ಅಂತ ನಾವೆಲ್ಲ ಅಡ್ಡಹೆಸರಲ್ಲಿ ಬರೆಯೋ ಈ ಗುಂಪಿನ ಹಿಂದಿನ ಚರ್ಚೆಯನ್ನ ಎರಡೇ ಮಾತಲ್ಲಿ ಮುಗಿಸಿದ್ದರು. ಅದು ಬೈಗುಳ ಆಯಿತೇ ಹೊರತು ಉತ್ತರ ಆಗಲಿಲ್ಲ. ಅಹಂಕಾರ, ಲಂಚ ಯಾವ ಕಾಲದಲ್ಲಿ ಇರಲಿಲ್ಲ? ಆದರೂ ಕೆಲವು ಯುದ್ಧ ನಡೆಯಲೇ ಇಲ್ಲ, ಕೆಲವು ನೀತಿ ಗಟ್ಟಿಯಾಗಿ ನಿಂತವು.

ನಮ್ಮ ಬೆಟ್ಟದ ಸುತ್ತಲಿನ ಉದಾಹರಣೆಯಿಂದಲೇ ಶುರು ಮಾಡ್ತೀನಿ. ಟಿಪ್ಪು ಮೇಲೆ ದಂಡೆತ್ತಿ ಬಂದ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ 1791ರ ಮಾರ್ಚ್ 21ಕ್ಕೆ ಬೆಂಗಳೂರು ಕೋಟೆ ಹಿಡಿದ. ಮೇ ಮೊದಲ ವಾರ ಶ್ರೀರಂಗಪಟ್ಟಣಕ್ಕೆ ಹೊರಟ. ಚನ್ನಪಟ್ಟಣದ ದಾರಿಯಲ್ಲಿ ಮೇವು, ದವಸ ಏನೂ ಸಿಗದಂತೆ ಟಿಪ್ಪು ಮೊದಲೇ ಬರಿದು ಮಾಡಿಸಿದ್ದ. ಕಾನಕಾನಹಳ್ಳಿ (ಈಗಿನ ಕನಕಪುರ) ಕಡೆಯ ಕಾಡುದಾರಿ ಹಿಡಿಯಬೇಕಾಯಿತು. ಮೇ 15ರಂದು ಅರಕೆರೆ ಕಡೆಯ ಕದನದಲ್ಲಿ ಗೆದ್ದ. ಗೆದ್ದ ಹತ್ತು ಹನ್ನೆರಡು ದಿನದೊಳಗೆ ತನ್ನ ಮುತ್ತಿಗೆ ಫಿರಂಗಿಗಳನ್ನ ತಾನೇ ಒಡೆಸಿ ಬೆಂಗಳೂರಿಗೆ ವಾಪಸ್ಸಾದ. ಯಾಕೆ? ಎತ್ತುಗಳು ಸತ್ತಿದ್ದವು. ಮಳೆ ಹಿಡಿದಿತ್ತು, ಮೇವಿಲ್ಲ, ಜಾನುವಾರಿಗೆ ರೋಗ, ದಂಡಿಗೆ ಅಕ್ಕಿ ಇಲ್ಲ. ಭಾರಿ ಫಿರಂಗಿ ಎಳೆಯೋಕೆ ಎತ್ತಿಲ್ಲದೆ ಸಿಪಾಯಿಗಳೇ ಹಗ್ಗ ಹಿಡಿದಿದ್ದರು. ಇದಕ್ಕಿಂತ ಸ್ವಾರಸ್ಯ ಏನಂದ್ರೆ, ವಾಪಸ್ ತಿರುಗಿದ ಮೇಲೆ ಕಂಪನಿ ಜೊತೆಗಿದ್ದ ಮರಾಠರ ದಂಡು ದವಸದ ಸಮೇತ ಎದುರಾಯಿತು. ಅವರು ಅಷ್ಟು ಹತ್ತಿರ ಇದ್ದಾರೆ ಅನ್ನೋ ಸುದ್ದಿಯೇ ತಲುಪಿರಲಿಲ್ಲ. ಟಿಪ್ಪುವಿನ ಕುದುರೆ ಸವಾರರು ಸುದ್ದಿ ತರೋರನ್ನ ದಾರಿಯಲ್ಲೇ ಹಿಡಿಯುತ್ತಿದ್ದರು.

ಆಮೇಲೆ ಆತ ಮಾಡಿದ್ದು ನೋಡಿ. ನೇರ ಶ್ರೀರಂಗಪಟ್ಟಣಕ್ಕೆ ಹೋಗಲಿಲ್ಲ. ಸರಕಿನ ದಾರಿಗೆ ಅಡ್ಡ ಇದ್ದ ಬೆಟ್ಟದ ಕೋಟೆಗಳನ್ನ ಒಂದೊಂದಾಗಿ ತೆಗೆದ. ನಂದಿದುರ್ಗ ಅಕ್ಟೋಬರಲ್ಲಿ, ಮೂರು ವಾರದ ಮುತ್ತಿಗೆ ಆದ ಮೇಲೆ ಬಿತ್ತು. ಅದು ಕಂಪನಿಯ ಇನ್ನೊಬ್ಬ ಜೊತೆಗಾರ ಹೈದರಾಬಾದ್ ನಿಜಾಮನ ಕಡೆಯಿಂದ ಬರೋ ದಾರಿಯ ಮೇಲಿತ್ತು. ಸಾವನದುರ್ಗ ಡಿಸೆಂಬರಲ್ಲಿ. ದವಸ ಹೊರೋ ಬಂಜಾರರ ಜೊತೆ ಒಪ್ಪಂದ. 1792ರ ಫೆಬ್ರವರಿಗೆ ಮತ್ತೆ ಹೋದಾಗ ಮಾರ್ಚ್ ಒಳಗೆ ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಮಕ್ಕಳ ಒತ್ತೆಗೆ ಸಹಿ ಹಾಕಬೇಕಾಯಿತು.

ಮೇ ತಿಂಗಳ ಕಾರ್ನ್‌ವಾಲಿಸ್ಸೂ ಫೆಬ್ರವರಿಯ ಕಾರ್ನ್‌ವಾಲಿಸ್ಸೂ ಒಬ್ಬನೇ. ಅಹಂಕಾರ ಕಡಿಮೆಯಾಗಿರಲಿಲ್ಲ. ಎತ್ತಿನ ಲೆಕ್ಕ ಮಾತ್ರ ಬದಲಾಗಿತ್ತು. ನನ್ನ ವಾದ ಇಷ್ಟೇ: ಪ್ರತಿ ದೊಡ್ಡ ತೀರ್ಮಾನವನ್ನೂ ಹೊರೋ ಒಂದು ಎತ್ತು ಇರುತ್ತೆ. ತೀರ್ಮಾನ ಮಾಡೋ ಕೋಣೆಯೊಳಗೆ ಆ ಎತ್ತಿನ ಬಗ್ಗೆ ಬಲ್ಲವನು ಇರೋದಿಲ್ಲ.

ಮುಳಬಾಗಿಲು ದಾರಿ

ಸಾರ್, ನೀವು ಹೇಳಿದ್ದು ದಂಡಯಾತ್ರೆ ಯಾಕೆ ಸೋಲುತ್ತೆ ಅನ್ನೋದಕ್ಕೆ ಸರಿ. ಯುದ್ಧಕ್ಕೆ ಯಾಕೆ ಇಳೀತಾರೆ ಅನ್ನೋದಕ್ಕೆ ಅಲ್ಲ. ಅದಕ್ಕೆ ಇನ್ನೂ ಇಪ್ಪತ್ತೈದು ವರ್ಷ ಹಿಂದಕ್ಕೆ ಹೋಗಬೇಕು.

1766ರ ನವೆಂಬರಲ್ಲಿ ಮದ್ರಾಸಿನ ಕಂಪನಿಯವರಿಗೆ ಬೇಕಾಗಿದ್ದು ಉತ್ತರ ಸರ್ಕಾರ್ ಜಿಲ್ಲೆಗಳು, ಅಂದ್ರೆ ಇವತ್ತಿನ ಆಂಧ್ರದ ಕರಾವಳಿ. ಅದನ್ನ ನಿಜಾಮನಿಂದ ಪಡೆಯೋಕೆ ಪ್ರತಿಯಾಗಿ ನಿಮಗೆ ಬೇಕಾದಾಗ ಪಡೆ ಕಳಿಸ್ತೀವಿ ಅಂತ ಬರೆದುಕೊಟ್ಟರು. ನಿಜಾಮ ಆ ಪಡೆಯನ್ನ ಹೈದರಾಲಿ ಮೇಲೆ ತಿರುಗಿಸಿದ. ಹೀಗೆ ಗೋದಾವರಿ ಮುಖಜಭೂಮಿಯ ಆಸೆಗೆ ಮಾಡಿದ ಒಪ್ಪಂದ ಕೋಲಾರದ ಬಯಲಲ್ಲಿ ಯುದ್ಧವಾಯಿತು. ತಮಾಷೆ ಏನಂದ್ರೆ 1767ರಲ್ಲಿ ನಿಜಾಮನೇ ಹೈದರನ ಕಡೆ ಸೇರಿಕೊಂಡ. 1768ರಲ್ಲಿ ಮತ್ತೆ ಕಂಪನಿ ಕಡೆಗೆ. ಯುದ್ಧ ಶುರು ಮಾಡಿಸಿದವನು ಎರಡು ಸಲ ಪಕ್ಷ ಬದಲಿಸಿದ, ಯುದ್ಧ ಮಾತ್ರ ನಡೀತಾನೇ ಇತ್ತು.

ಅದೇ ಯುದ್ಧದಲ್ಲಿ ಕಂಪನಿಯ ಸೇನಾಪತಿ ಕರ್ನಲ್ ಸ್ಮಿತ್ ಕೋಲಾರ, ಮುಳಬಾಗಿಲು ಕಡೆಗೆಲ್ಲ ಬಂದಾಗ ದಂಡಿನ ಜೊತೆ ಮದ್ರಾಸ್ ಕೌನ್ಸಿಲ್‌ನ ಪ್ರತಿನಿಧಿಗಳೂ ಇದ್ದರು. ಸೇನಾಪತಿ ಏನು ಮಾಡಬೇಕು ಅಂತ ಹೇಳೋರು ಅವರೇ. ಆರ್ಕಾಟಿನ ನವಾಬ ಮಹಮ್ಮದಾಲಿಯೂ ಬಂದಿದ್ದ, ಗೆದ್ದ ಸೀಮೆ ತನಗೆ ಸಿಗುತ್ತೆ ಅಂತ. ದವಸ ಒದಗಿಸ್ತೀನಿ ಅಂದವನೂ ಅವನೇ, ಒದಗಿಸದೇ ಹೋದವನೂ ಅವನೇ. 1768ರ ಅಕ್ಟೋಬರಲ್ಲಿ ಮುಳಬಾಗಿಲಿನಲ್ಲಿ ಹೈದರ್ ಕಂಪನಿ ತುಕಡಿಯನ್ನ ಚೆನ್ನಾಗಿ ಅಟ್ಟಾಡಿಸಿದ. 1769ರ ಮಾರ್ಚಲ್ಲಿ ಸುಮಾರು 6,000 ಕುದುರೆ ಸವಾರರ ಜೊತೆ ಮದ್ರಾಸ್ ಬಾಗಿಲಿಗೇ ಹೋಗಿ ನಿಂತ. ನಮ್ಮ ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದವನು ಅವನು.

ಹಾಗಾಗಿ ನಾನು ಕೇಳೋ ಪ್ರಶ್ನೆ ಬೇರೆ: ಸೋತರೆ ಕಳಕೊಳ್ಳೋರು ಯಾರು, ಗೆದ್ದರೆ ಗಳಿಸೋರು ಯಾರು? ಆ ಇಬ್ಬರೂ ಒಬ್ಬರೇ ಆಗಿಲ್ಲದ ಕಡೆ ಯುದ್ಧ ಸುಲಭ. ನವಾಬನಿಗೆ ಸೋತರೆ ಹೋಗೋದು ಕಂಪನಿ ಸಿಪಾಯಿಗಳು, ಗೆದ್ದರೆ ಸಿಗೋದು ಮೈಸೂರು ಸೀಮೆ. ಅವನು ಯಾಕೆ ಬೇಡ ಅಂತಾನೆ?

ಇನ್ನೊಂದು. 1769ರ ಮದ್ರಾಸ್ ಒಪ್ಪಂದದಲ್ಲಿ ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ನೆರವಾಗಬೇಕು ಅಂತಿತ್ತು. ಮರಾಠರು ಹೈದರನ ಮೇಲೆ ಬಿದ್ದಾಗ ಕಂಪನಿ ಕೈಕಟ್ಟಿ ಕೂತಿತು. 1780ರ ಯುದ್ಧದ ಬೀಜ ಅಲ್ಲೇ ಬಿತ್ತು. ಅವತ್ತಿನ ಗಂಡಾಂತರ ಕಳೆದರೆ ಸಾಕು ಅಂತ ಕೊಟ್ಟ ಮಾತು ಮುಂದಿನ ಯುದ್ಧಕ್ಕೆ ಮುಂಗಡ ಕೊಟ್ಟಂಗೆ.

ಎರಡನೇ ಬೆಂಚು

ಹಳೇ ಕಥೆ ಚೆನ್ನಾಗಿದೆ ಅಣ್ಣ. 1962ರ ಚೀನಾ ಯುದ್ಧಕ್ಕೆ ಇದು ಹೊಂದುತ್ತಾ? ಅಲ್ಲಿ ನವಾಬ ಯಾರೂ ಇರಲಿಲ್ಲ.

ಕೋಟೆ ಬೀದಿ (ಕೋಲಾರ)

1962ಕ್ಕೆ ಎತ್ತಿನ ವಾದವೇ ಹೊಂದುತ್ತೆ, ಇನ್ನೂ ಕಹಿಯಾಗಿ.

1961ರ ನವೆಂಬರಲ್ಲಿ ಮುಂಚೂಣಿ ನೀತಿ ಬಂತು. ಚೀನಾ ತನ್ನದು ಅನ್ನೋ ಜಾಗಗಳಲ್ಲಿ ನಮ್ಮ ಸಣ್ಣ ಸಣ್ಣ ಠಾಣೆ ಹಾಕೋದು. ಠಾಣೆ ಹಾಕಿದರೆ ಅವರು ಬಲ ಪ್ರಯೋಗ ಮಾಡಲ್ಲ ಅನ್ನೋದು ಗುಪ್ತಚರ ವಿಭಾಗದ ಅಂದಾಜು. ಇಡೀ ನೀತಿ ನಿಂತಿದ್ದು ಆ ಒಂದು ಅಂದಾಜಿನ ಮೇಲೆ. ಅದು ತಪ್ಪಾದರೆ ಏನು ಅನ್ನೋದಕ್ಕೆ ಎರಡನೇ ಯೋಜನೆ ಇರಲಿಲ್ಲ.

ಇನ್ನು ಪೂರ್ವದ ಗಡಿಯ (ಇವತ್ತಿನ ಅರುಣಾಚಲ) ನಾಮ್‌ಕಾ ಚೂ ಹೊಳೆ. ವಾಹನದ ದಾರಿ ತವಾಂಗ್ ಹತ್ತಿರಕ್ಕೇ ಮುಗೀತಿತ್ತು, ಮುಂದೆ ದಿನಗಟ್ಟಲೆ ಕಾಲ್ನಡಿಗೆ. ಉಳಿದಿದ್ದು ವಿಮಾನದಿಂದ ಸಾಮಾನು ಉದುರಿಸೋದು. ಬೀಳಿಸೋ ಜಾಗ ತ್ಸಾಂಗ್‌ಧರ್, ಸುಮಾರು 14,500 ಅಡಿ ಎತ್ತರದ ಇಕ್ಕಟ್ಟು ಬಯಲು. ಅಂಚಿಗೆ ಬಿದ್ದ ಪೊಟ್ಟಣ ಕಮರಿಗೆ ಉರುಳುತ್ತೆ. ಬಿದ್ದದ್ದರಲ್ಲಿ ಕೈಗೆ ಸಿಗೋದು ಒಂದು ಪಾಲು ಮಾತ್ರ. ಕೆಳಗಿಂದ ಬಂದ 7ನೇ ಬ್ರಿಗೇಡಿನ ಬಹುತೇಕ ಜವಾನರ ಮೈಮೇಲೆ ಬೇಸಿಗೆ ಸಮವಸ್ತ್ರ, ಕಾಲಿಗೆ ಕ್ಯಾನ್ವಾಸ್ ಬೂಟು, ಕೈಲಿ .303 ರೈಫಲ್, ತಲೆಗೆ 50 ಗುಂಡು. ಎದುರು ತಾಗ್ಲಾ ದಿಣ್ಣೆ ಚೀನಾದ ಕೈಲಿ. ಮೇಲಿಂದ ನಮ್ಮ ಒಂದೊಂದು ಬಂಕರೂ ಕಾಣುತ್ತೆ.

ಈ ಲೆಕ್ಕ ಯಾರೂ ಹಾಕಲಿಲ್ಲ ಅಂದ್ಕೋಬೇಡಿ. ಆ ಗಡಿ ನೋಡಿಕೊಳ್ತಿದ್ದ ಸೈನ್ಯದ 33ನೇ ಕೋರ್‌ನ ಮುಖ್ಯಸ್ಥ ಉಮ್ರಾವ್ ಸಿಂಗ್ ಹಾಕಿದರು. ತಾಗ್ಲಾ ಮೇಲೆ ಹೋಗಬೇಕಾದರೆ ಇಷ್ಟು ಸಾಮಾನು ಮೊದಲು ಮೇಲಕ್ಕೆ ತಲುಪಬೇಕು ಅಂತ ಬರೆದುಕೊಟ್ಟರು. ಆಗಿದ್ದೇನು? ಆ ಗಡಿಯ ಹೊಣೆಯನ್ನೇ ಅವರಿಂದ ಕಿತ್ತು, ಹೊಸದಾಗಿ 4ನೇ ಕೋರ್ ಹುಟ್ಟುಹಾಕಿ ಬಿ.ಎಂ. ಕೌಲ್ ಕೈಗೆ ಕೊಟ್ಟರು. ಕೌಲ್ ಅಕ್ಟೋಬರ್ ನಡುವೆ ಕಾಯಿಲೆ ಬಿದ್ದು ದೆಹಲಿಗೆ ಬಂದರು, ಹಾಸಿಗೆಯಿಂದಲೇ ಅಪ್ಪಣೆ ಹೋಗ್ತಿತ್ತು. ಅಕ್ಟೋಬರ್ 12ಕ್ಕೆ ಪ್ರಧಾನಿ ನೆಹರೂ ವಿಮಾನ ನಿಲ್ದಾಣದಲ್ಲಿ, ಚೀನೀಯರನ್ನ ತೆರವು ಮಾಡಿಸೋಕೆ ಸೈನ್ಯಕ್ಕೆ ಹೇಳಿದೆ ಅಂತ ಪತ್ರಕರ್ತರ ಮುಂದೆ ಹೇಳಿಬಿಟ್ಟರು. ಅಲ್ಲಿಗೆ ಹಿಂದೆ ಸರಿಯೋ ದಾರಿ ಮುಚ್ಚಿತು. 20ರ ಬೆಳಗ್ಗೆ ದಾಳಿ. ಅವತ್ತೇ ಬ್ರಿಗೇಡ್ ಚದುರಿತು, ಎರಡು ದಿನಕ್ಕೆ ಬ್ರಿಗೇಡಿಯರ್ ಜಾನ್ ದಳವಿ ಸೆರೆ.

ನಂದಿ ತಪ್ಪಲು ಸಾರ್ ಮಾತಿಗೆ ಒಂದು ತಿದ್ದುಪಡಿ: ಎತ್ತಿನ ಬಗ್ಗೆ ಬಲ್ಲವನು ಕೋಣೆಯಲ್ಲಿ ಇದ್ದ. ಅವನನ್ನ ಹೊರಗೆ ಕಳಿಸಿದರು.

ಕಲ್ಪತರು ನಾಡು (ತುಮಕೂರು)

ಕೋಟೆ ಬೀದಿಯವರ ಮಾತಿಗೆ ಜಪಾನ್ ಸಾಕ್ಷಿ. 1941ರಲ್ಲಿ ಜಪಾನಿನ ಎಣ್ಣೆಯಲ್ಲಿ ಸುಮಾರು ಶೇ. 80 ಬರ್ತಿದ್ದದ್ದು ಅಮೆರಿಕದಿಂದ. ಜುಲೈ ಕೊನೆಗೆ ಜಪಾನ್ ದಕ್ಷಿಣ ಇಂಡೋಚೀನಾಕ್ಕೆ ಕಾಲಿಟ್ಟಿತು, ಅಮೆರಿಕ ಎಣ್ಣೆ ನಿಲ್ಲಿಸಿತು. ನೌಕಾಪಡೆ ಮುಖ್ಯಸ್ಥ ನಗಾನೊ ಇಟ್ಟ ಲೆಕ್ಕ: ಗಂಟೆಗೆ 400 ಟನ್ ಉರೀತಿದೆ. ದಾಸ್ತಾನು ಇರೋದು ಸುಮಾರು ಎರಡು ವರ್ಷಕ್ಕೆ. ಕಾದಷ್ಟೂ ಬಲ ಕಡಿಮೆ.

ಅದೇ ಆಗಸ್ಟಲ್ಲಿ ಸರ್ಕಾರದ್ದೇ ಒಂದು ಸಂಸ್ಥೆ, ಬೇರೆ ಬೇರೆ ಇಲಾಖೆಯ ಯುವ ಅಧಿಕಾರಿಗಳನ್ನ ಕೂರಿಸಿ, ಎಣ್ಣೆ, ಹಡಗು, ಉಕ್ಕು ಎಲ್ಲ ಲೆಕ್ಕ ಹಾಕಿ, ಯುದ್ಧವಾದರೆ ಸೋಲ್ತೀವಿ ಅಂತ ಸಚಿವರ ಮುಂದೆ ಹೇಳಿತ್ತು. ಯುದ್ಧ ಸಚಿವ ತೋಜೊ ಅದನ್ನ ಮೇಜಿನ ಮೇಲಿನ ಲೆಕ್ಕ ಅಂತ ಪಕ್ಕಕ್ಕಿಟ್ಟ. ಡಿಸೆಂಬರಲ್ಲಿ ಪರ್ಲ್ ಹಾರ್ಬರ್. ಡಚ್ಚರ ಇಂಡೀಸ್‌ನ ಎಣ್ಣೆಬಾವಿಗಳನ್ನ ಹಿಡಿದರು ಕೂಡ. ಆದರೆ ಎಣ್ಣೆ ತರೋ ಟ್ಯಾಂಕರ್ ಹಡಗುಗಳನ್ನ ಅಮೆರಿಕದ ಜಲಾಂತರ್ಗಾಮಿಗಳು ಮುಳುಗಿಸಿದವು. ಬಾವಿ ಸಿಕ್ಕಿತು, ಬಿಂದಿಗೆ ಒಡೆದುಹೋಯಿತು.

ಇಲ್ಲಿ ಮಾಹಿತಿ ಕೊರತೆ ಇರಲಿಲ್ಲ. ಇದ್ದದ್ದು ಬೇರೆ ಭಯ: ಚೀನಾದಿಂದ ಸೈನ್ಯ ವಾಪಸ್ ತರಬೇಕಾದರೆ 1937ರಿಂದ ಸತ್ತವರಿಗೆ ಏನು ಉತ್ತರ ಹೇಳೋದು? ಹಾಕಿದ ದುಡ್ಡಿಗಾಗಿ ಇನ್ನಷ್ಟು ದುಡ್ಡು ಹಾಕೋದು. ನಮ್ಮ ಕಡೆ ನೀರು ಬರದ ಕೊಳವೆಬಾವಿಯನ್ನ 800 ಅಡಿಗೆ ನಿಲ್ಲಿಸದೆ 1,200 ಅಡಿಗೆ ಇಳಿಸೋದೂ ಇದೇ ಲೆಕ್ಕದಲ್ಲಿ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ಒಪ್ಪಿದೆ. ಎತ್ತು ಗೊತ್ತಿಲ್ಲದೇ ಇರೋದು ಒಂದು ರೋಗ, ಗೊತ್ತಿದ್ದೂ ಹಿಂದೆ ಬರೋಕೆ ಆಗದೇ ಇರೋದು ಇನ್ನೊಂದು. ಎರಡನೆಯದಕ್ಕೆ 1914ರ ಆಗಸ್ಟ್ 1ಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಫ್ರಾನ್ಸ್ ಹೊರಗುಳಿಯಬಹುದು ಅನ್ನೋ ಸುದ್ದಿ ಬಂದಾಗ ಜರ್ಮನಿಯ ದೊರೆ ಕೈಸರ್ ವಿಲ್ಹೆಲ್ಮ್ ಸೈನ್ಯವನ್ನೆಲ್ಲ ರಷ್ಯಾ ಕಡೆ ತಿರುಗಿಸಿ ಅಂದ. ಸೇನಾ ಮುಖ್ಯಸ್ಥ ಮೋಲ್ಟ್‌ಕೆ ಆಗಲ್ಲ ಅಂದ: ರೈಲು ವೇಳಾಪಟ್ಟಿ ವರ್ಷಗಟ್ಟಲೆ ಕೂತು ಮಾಡಿದ್ದು, ಎಲ್ಲವೂ ಪಶ್ಚಿಮಕ್ಕೆ, ಮಧ್ಯದಲ್ಲಿ ತಿರುಗಿಸಿದರೆ ಸೈನ್ಯ ಉಳಿಯಲ್ಲ, ಊಟವಿಲ್ಲದ ಗುಂಪು ಉಳಿಯುತ್ತೆ. ಒಂದೇ ಯೋಜನೆ ಇಟ್ಟುಕೊಂಡವನಿಗೆ ರಾಜನ ಮಾತೂ ಕೇಳಿಸಲ್ಲ.

ಕೌಂಟರ್ ನಂ. 3

ಯುದ್ಧ ಬಿಟ್ಟು ನೀತಿಗೆ ಬರೋಣ. 2016ರ ನವೆಂಬರ್ 8ರ ನೋಟು ರದ್ದತಿ. ಅಲ್ಲಿಯ ಎತ್ತು ಯಾವುದು ಗೊತ್ತಾ? ಎಟಿಎಂ ಒಳಗಿನ ನೋಟಿನ ಡಬ್ಬಿ, ಕ್ಯಾಸೆಟ್.

ಹಳೇ 500ರ ನೋಟಿನ ಅಳತೆ 73 × 167 ಮಿ.ಮೀ. ಹಳೇ 1000ದ್ದು 73 × 177. ಹೊಸ 500 ಬಂದದ್ದು 66 × 150, ಹೊಸ 2000 ಬಂದದ್ದು 66 × 166. ಒಂದೂ ಹೊಂದಲ್ಲ. ಕ್ಯಾಸೆಟ್ಟಿನ ಅಡ್ಡಪಟ್ಟಿ ಸರಿಸಬೇಕು, ನೋಟು ಎಳೆಯೋ ಭಾಗದ ಅಂತರ ಹೊಂದಿಸಬೇಕು, ಯಾವ ಕ್ಯಾಸೆಟ್ಟಲ್ಲಿ ಎಷ್ಟರ ನೋಟು ಅಂತ ಸಾಫ್ಟ್‌ವೇರ್‌ನಲ್ಲೂ ಬದಲಿಸಬೇಕು. ಇದು ಬೆಂಗಳೂರಲ್ಲಿ ಕೂತು ಮಾಡೋ ಕೆಲಸ ಅಲ್ಲ. ತಂತ್ರಜ್ಞ ಒಂದೊಂದು ಯಂತ್ರದ ಹತ್ತಿರವೂ ಹೋಗಬೇಕು. ದೇಶದಲ್ಲಿ ಯಂತ್ರಗಳು 2 ಲಕ್ಷಕ್ಕೂ ಹೆಚ್ಚು. ಇದನ್ನ ನೋಡಿಕೊಳ್ಳೋಕೆ ಕಾರ್ಯಪಡೆ ಮಾಡಿದ್ದು ನವೆಂಬರ್ 14ಕ್ಕೆ, ಘೋಷಣೆ ಆಗಿ ಆರು ದಿನಕ್ಕೆ. ಚಲಾವಣೆಯ ಮೌಲ್ಯದಲ್ಲಿ ಶೇ. 86 ರದ್ದಾಗಿತ್ತು. ಉಳಿದಿದ್ದರಲ್ಲಿ ದೊಡ್ಡದು 100ರ ನೋಟು. ಅದನ್ನೇ ತುಂಬಿಸಿದರೆ ಅದೇ ಕ್ಯಾಸೆಟ್ಟಲ್ಲಿ ಹಿಡಿಯೋ ದುಡ್ಡು 500ರ ನೋಟಿನ ಐದನೇ ಒಂದು ಪಾಲು. ಯಂತ್ರ ಬೆಳಗ್ಗೆ ತುಂಬಿ ಮಧ್ಯಾಹ್ನಕ್ಕೆ ಖಾಲಿ ಆಗೋದು ಇದಕ್ಕೇ.

ಗುಟ್ಟು ಕಾಯಬೇಕಿತ್ತು, ಅದಕ್ಕೆ ಮೊದಲೇ ಯಂತ್ರ ಬದಲಿಸೋಕೆ ಆಗಲಿಲ್ಲ ಅಂತಾರೆ. ಸರಿ, ಹಳೇ ಅಳತೆಯಲ್ಲೇ ಹೊಸ ನೋಟು ಅಚ್ಚು ಹಾಕಿದ್ದರೆ? ಗುಟ್ಟೂ ಉಳೀತಿತ್ತು, ಯಂತ್ರವೂ ನಡೀತಿತ್ತು.

ಗುರಿಯ ಮಾತು ಬೇರೆ. ರದ್ದಾದ 15.41 ಲಕ್ಷ ಕೋಟಿಯಲ್ಲಿ 15.31 ಲಕ್ಷ ಕೋಟಿ ಬ್ಯಾಂಕಿಗೆ ವಾಪಸ್ ಬಂತು. ಕಪ್ಪುಹಣದ ಹೆಚ್ಚಿನ ಭಾಗ ನೋಟಿನಲ್ಲಲ್ಲ, ಚಿನ್ನ, ಜಮೀನು, ಕಟ್ಟಡದಲ್ಲಿದೆ ಅನ್ನೋ ಮಾತು ರಿಸರ್ವ್ ಬ್ಯಾಂಕ್ ಮಂಡಳಿಯ ಅವತ್ತಿನ ಸಭೆಯ ನಡಾವಳಿಯಲ್ಲೇ ಇದೆ. ಸಭೆ ನಡೆದದ್ದು ಘೋಷಣೆಗೆ ಕೆಲವೇ ಗಂಟೆ ಮೊದಲು. ಆ ಹೊತ್ತಿಗೆ ಬೇಡ ಅನ್ನೋ ಮಾತಿಗೆ ಬೆಲೆ ಎಷ್ಟು?

ಗಡಿಯಾರದ ಕಂಬ

ಮತ್ತೆ ಪಕ್ಷ ರಾಜಕೀಯಕ್ಕೆ ಬಂತು ನೋಡಿ. ಈ ಸರ್ಕಾರದ್ದು ಮಾತ್ರ ಕಾಣುತ್ತಾ?

ಕೌಂಟರ್ ನಂ. 3

ಇಲ್ಲ ಸಾರ್. 1973ರ ಏಪ್ರಿಲಲ್ಲಿ ಇಂದಿರಾ ಗಾಂಧಿ ಸರ್ಕಾರ ಗೋಧಿಯ ಸಗಟು ವ್ಯಾಪಾರವನ್ನೇ ತನ್ನ ಕೈಗೆ ತಗೊಂಡಿತು. ಕ್ವಿಂಟಲ್‌ಗೆ 76 ರೂಪಾಯಿ. ಬೆಲೆ ಏರುತ್ತಿದ್ದ ವರ್ಷ ಆ ದರಕ್ಕೆ ರೈತ ಕಣಜ ತೆಗೀಲಿಲ್ಲ. ವ್ಯಾಪಾರಿಯನ್ನ ಹೊರಗೆ ಹಾಕಿದ್ದಾಗಿತ್ತು, ಅವನು ಮಾಡ್ತಿದ್ದ ಕೆಲಸ (ಮನೆ ಬಾಗಿಲಿಂದ ಎತ್ತೋದು, ಮುಂಗಡ ಕೊಡೋದು, ಗೋದಾಮು, ಲಾರಿ) ಮಾಡೋಕೆ ಸರ್ಕಾರದ ಹತ್ತಿರ ಆಳಿರಲಿಲ್ಲ. 1974ರಲ್ಲಿ ಕೈಬಿಟ್ಟರು, ದರ 105 ಮಾಡಿದರು. ಪಕ್ಷ ಬೇರೆ, ಎತ್ತು ಮರೆಯೋದು ಒಂದೇ.

ಚಿಂತಾಮಣಿ ಮಂಡಿ

ದೆಹಲಿ ನೀತಿ ನಮ್ಮ ತಾಲ್ಲೂಕಿಗೆ ಹೆಂಗೆ ಬಂದು ಬೀಳುತ್ತೆ ಅನ್ನೋದಕ್ಕೆ ರೋಸ್ ಈರುಳ್ಳಿ ನೋಡಿ.

ನಮ್ಮ ರೋಸ್ ಈರುಳ್ಳಿ ಚಿಕ್ಕದು, ಕಡುಗೆಂಪು, ಖಾರ ಜಾಸ್ತಿ. ಬೆಳೆಯೋದು ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರ ಕಡೆ. ನಮ್ಮ ಮನೆ ಸಾರಿಗೆ ಇದನ್ನ ಕೊಳ್ಳೋರು ಇಲ್ಲ ಅಂದ್ರೂ ನಡೆಯುತ್ತೆ. ಮಾಲು ಚೆನ್ನೈ ಬಂದರಿಂದ ಮಲೇಷ್ಯಾ, ಸಿಂಗಾಪುರ, ಇಂಡೋನೇಷ್ಯಾಕ್ಕೆ ಹೋಗುತ್ತೆ. 2019ರಲ್ಲಿ ಮಹಾರಾಷ್ಟ್ರದ ಕಡೆ ಮಳೆಗೆ ಬೆಳೆ ಹಾಳಾಗಿ ನಗರಗಳಲ್ಲಿ ಬೆಲೆ ಏರಿತು. ಸೆಪ್ಟೆಂಬರ್ 29ಕ್ಕೆ ಎಲ್ಲಾ ತಳಿ ಈರುಳ್ಳಿ ರಫ್ತು ಬಂದ್. ನಮ್ಮ ಮಾಲು ದೆಹಲಿ ಗ್ರಾಹಕನ ಅಡುಗೆಮನೆಗೆ ಹೋಗೋದೇ ಇಲ್ಲ, ಅದನ್ನ ತಡೆದರೆ ಅಲ್ಲಿ ಒಂದು ಪೈಸೆ ಇಳಿಯಲ್ಲ. ಇಲ್ಲಿ ಮಾತ್ರ ಮೂಟೆ ಕೊಳೀತಾ ಬಿತ್ತು.

ಒಂದು ತಿಂಗಳು ಓಡಾಡಿದ ಮೇಲೆ ಅಕ್ಟೋಬರ್ 28ಕ್ಕೆ 9,000 ಟನ್ ಬಿಟ್ಟರು, ನವೆಂಬರ್ 30ರ ಒಳಗೆ, ಚೆನ್ನೈ ಬಂದರಿಂದ ಮಾತ್ರ, ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರದ ಮೇಲೆ. ಇಷ್ಟರಲ್ಲಿ ಕೊಳ್ಳೋನು ಬೇರೆ ದೇಶದ ಮಾಲು ನೋಡ್ಕೊಂಡಿರ್ತಾನೆ. ಪಾಠ ಕಲಿತರು ಅಂದ್ಕೊಂಡ್ರಾ? 2020ರ ಸೆಪ್ಟೆಂಬರ್ 14ಕ್ಕೆ ಮತ್ತೆ ಬಂದ್, ಅಕ್ಟೋಬರಲ್ಲಿ ಮತ್ತೆ 10,000 ಟನ್‌ಗೆ ಅನುಮತಿ. 2023ರ ಆಗಸ್ಟಲ್ಲಿ ಶೇ. 40 ರಫ್ತು ಸುಂಕ, ಸೆಪ್ಟೆಂಬರ್ ಕೊನೆಗೆ ರೋಸ್ ಈರುಳ್ಳಿಗೆ ವಿನಾಯಿತಿ, ಡಿಸೆಂಬರಲ್ಲಿ ಮತ್ತೆ ಎಲ್ಲಾ ಈರುಳ್ಳಿ ನಿಷೇಧ.

ಪ್ರತಿ ಸಲವೂ ಒಂದೇ ಸರದಿ: ಮೊದಲು ಹೊಡೆತ, ಆಮೇಲೆ ನೆನಪು. ಹೊಡೆಯೋದು ಒಂದು ದಿನದ ಆದೇಶ, ಬಿಡಿಸೋದು ತಿಂಗಳ ಅರ್ಜಿ. ನೆಲದೊಳಗಿನ ಗಡ್ಡೆ ಇವರ ಅಧಿಸೂಚನೆಗೆ ಕಾಯಲ್ಲ.

ಚಂದ್ರಿಕೆ (ಶಿಡ್ಲಘಟ್ಟ)

ಮಂಡಿಯವರೇ, ರೇಷ್ಮೆಗೂ ಇದೇ. 2011ರ ಬಜೆಟ್ಟಲ್ಲಿ ಕಚ್ಚಾ ರೇಷ್ಮೆ ಆಮದು ಸುಂಕ ಶೇ. 30ರಿಂದ 5ಕ್ಕೆ ಇಳಿಸಿದರು. ಕಾರಣ ಸುಳ್ಳೇನಲ್ಲ, ನೇಕಾರರಿಗೆ ನೂಲು ದುಬಾರಿಯಾಗಿತ್ತು. ಆದರೆ ಈ ಕಡೆಯ ಲೆಕ್ಕ ನೋಡಿ. ಮಿಶ್ರತಳಿ ಗೂಡಾದರೆ ಒಂದು ಕೆ.ಜಿ. ರೇಷ್ಮೆಗೆ ಏಳೆಂಟು ಕೆ.ಜಿ. ಗೂಡು ಬೇಕು. ಚೀನಾ ರೇಷ್ಮೆ ಕೆ.ಜಿ.ಗೆ 400 ರೂಪಾಯಿ ಅಗ್ಗವಾಯಿತು ಅಂತ ಇಟ್ಕೊಳ್ಳಿ, ಗೂಡಿಂದ ನೂಲು ತೆಗೆಯೋ ರೀಲರ್ ಅದನ್ನ ಗೂಡಿನ ಮೇಲೆ ಇಳಿಸ್ತಾನೆ: ಕೆ.ಜಿ. ಗೂಡಿಗೆ 50 ರೂಪಾಯಿ ಹೋಯಿತು. 100 ಮೊಟ್ಟೆಗೆ (ಅಂದ್ರೆ 100 ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪಿಗೆ) 65 ಕೆ.ಜಿ. ಗೂಡು ಬಂದರೆ ಆ ಬೆಳೆಗೆ 3,250 ಖೋತಾ. ಸೊಪ್ಪು, ಕೂಲಿ, ಸೋಂಕುನಿವಾರಕ, ಚಾಕಿ (ಎಳೇ) ಹುಳದ ದುಡ್ಡು ಒಂದೂ ಇಳಿಯಲ್ಲ.

ಸುಂಕ ಒಂದು ರಾತ್ರಿಗೆ ಬದಲಾಗುತ್ತೆ. ಹಿಪ್ಪುನೇರಳೆ ತೋಟ ಹದಿನೈದು ವರ್ಷ ನಿಲ್ಲೋ ಬೆಳೆ. ಬೆಲೆ ಬಿತ್ತು ಅಂತ ಕಿತ್ತರೆ, 2013ರಲ್ಲಿ ಸುಂಕ ಮತ್ತೆ ಶೇ. 15 ಮಾಡಿದಾಗ ತೋಟ ಎಲ್ಲಿಂದ ತರೋದು? ಒಂದೇ ಏಟಿಗೆ 25 ಅಂಶ ಇಳಿಸೋ ಬದಲು ವರ್ಷಕ್ಕೆ ಐದೈದು ಇಳಿಸಿದ್ದರೆ ರೀಲಿಂಗ್ ಯಂತ್ರ ಬದಲಿಸೋಕೆ, ದ್ವಿತಳಿಗೆ ಹೋಗೋಕೆ ಸಮಯ ಇರ್ತಿತ್ತು. ಎಷ್ಟು ಬದಲಾವಣೆ ಅನ್ನೋದರಷ್ಟೇ ಎಷ್ಟು ಬೇಗ ಅನ್ನೋದೂ ಮುಖ್ಯ. ಬಜೆಟ್ ಭಾಷಣದಲ್ಲಿ ಮೊದಲನೆಯದು ಮಾತ್ರ ಇರುತ್ತೆ.

ಕಲ್ಪತರು ನಾಡು (ತುಮಕೂರು)

ಇನ್ನೊಂದು ಬಗೆಯ ಸೋಲು ಉಂಟು: ಅಂಕಿಯಲ್ಲಿ ಗೆದ್ದು ನೆಲದಲ್ಲಿ ಸೋಲೋದು. ವಿಯೆಟ್ನಾಂನಲ್ಲಿ ಅಮೆರಿಕ ಗೆಲುವನ್ನ ಅಳೆದದ್ದು ಶತ್ರುವಿನ ಹೆಣ ಎಣಿಸಿ. ಎಣಿಕೆ ಏರ್ತಾನೇ ಹೋಯಿತು. ಹೆಣ ತೋರಿಸಿದ ಘಟಕಕ್ಕೆ ಶಹಬ್ಬಾಸ್ ಅಂದ್ರೆ, ಹಳ್ಳಿಯವನೂ ಶತ್ರು ಲೆಕ್ಕಕ್ಕೆ ಸೇರ್ತಾನೆ. ಅರ್ಧ ಮಿಲಿಯನ್‌ಗೂ ಹೆಚ್ಚು ಸೈನಿಕರಿದ್ದರೂ ಎಣಿಸೋಕೆ ಬರದ ಒಂದನ್ನ, ಅಂದ್ರೆ ಹಳ್ಳಿ ರಾತ್ರಿ ಯಾರ ಮಾತು ಕೇಳುತ್ತೆ ಅನ್ನೋದನ್ನ, ಗೆಲ್ಲೋಕೆ ಆಗಲಿಲ್ಲ.

ನಮ್ಮ ಸಾಮಾಜಿಕ ಅರಣ್ಯ ಯೋಜನೆಯ ನೀಲಗಿರಿ ಅದರ ತಮ್ಮ. 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವು ಬಂತು. ಗುರಿ ಹಳ್ಳಿಗೆ ಸೌದೆ, ಮೇವು. ಅಳೆದದ್ದು ಎಷ್ಟು ಸಸಿ ಹಂಚಿದೆವು, ಎಷ್ಟು ಬದುಕಿತು ಅಂತ. ದನ ಬಾಯಿ ಹಾಕದ, ಬೇಲಿ ಬೇಡದ, ಕೂಲಿ ಬೇಡದ, ಏಳೆಂಟು ವರ್ಷಕ್ಕೆ ಕಡಿದರೆ ಮತ್ತೆ ಕೂಳೆ ಚಿಗುರೋ ಗಿಡ ಯಾವುದು? ನೀಲಗಿರಿ. ಅಂಕಿ ತುಂಬಿತು. ದನ ಬಾಯಿ ಹಾಕಲ್ಲ ಅಂದ್ಮೇಲೆ ಮೇವು ಎಲ್ಲಿಂದ ಬರುತ್ತೆ? ರಾಗಿ ಹೊಲಕ್ಕೂ ಅದೇ ನುಗ್ಗಿತು, ಮರ ಹೋದದ್ದು ರೇಯಾನ್, ಕಾಗದದ ಕಾರ್ಖಾನೆಗೆ. 1983ರಲ್ಲೇ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಹಾಕಿದ್ದರು. ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನ ನಿಲ್ಲಿಸಿದ್ದು 2017ರಲ್ಲಿ. 34 ವರ್ಷ!

ಎರಡನೇ ಬೆಂಚು

ಶ್ರೀಲಂಕಾದ ಸಾವಯವ ನೀತಿ? ಅದರ ಉದ್ದೇಶ ಒಳ್ಳೇದೇ ಇತ್ತಲ್ವಾ?

ತಿಪ್ಪೆಗುಂಡಿ (ಗೌರಿಬಿದನೂರು)

ಉದ್ದೇಶದಲ್ಲಿ ಡಾಲರ್ ಉಳಿಸೋದೂ ಇತ್ತು ತಮ್ಮಾ. 2021ರ ಮೇನಲ್ಲಿ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿದರು, ನವೆಂಬರಲ್ಲಿ ಹಿಂದೆಗೆದರು. ಆರು ತಿಂಗಳು.

ಕೈಲೆಕ್ಕ ಹಾಕೋಣ. 45 ಕೆ.ಜಿ. ಯೂರಿಯಾ ಮೂಟೆಯಲ್ಲಿ ಶೇ. 46 ಸಾರಜನಕ, ಅಂದ್ರೆ 20.7 ಕೆ.ಜಿ. ಕೊಟ್ಟಿಗೆ ಗೊಬ್ಬರದಲ್ಲಿ ಇರೋದು ಶೇ. 0.5 ಆಸುಪಾಸು. ಒಂದು ಮೂಟೆಗೆ ಸಮ ಆಗಬೇಕಾದರೆ 4,140 ಕೆ.ಜಿ., ಸುಮಾರು ಎರಡು ಟ್ರ್ಯಾಕ್ಟರ್ ಟ್ರೈಲರ್. ಅದೂ ಮೊದಲ ವರ್ಷಕ್ಕೆ ಪೂರ್ತಿ ಸಿಗಲ್ಲ, ಮಣ್ಣಲ್ಲಿ ಕಳಿತು ನಿಧಾನಕ್ಕೆ ಬಿಡುತ್ತೆ. ಎಕರೆಗೆ ಎರಡು ಮೂಟೆ ಹಾಕೋ ಗದ್ದೆಗೆ ನಾಲ್ಕು ಟ್ರೈಲರ್ ಗೊಬ್ಬರ. ಇಡೀ ದ್ವೀಪಕ್ಕೆ ಅಷ್ಟು ದನ ಎಲ್ಲಿವೆ, ತಿಪ್ಪೆ ಎಲ್ಲಿದೆ, ಹೊರೋ ಗಾಡಿ ಎಲ್ಲಿದೆ? ಭತ್ತ ಬಿತ್ತು, ಅಕ್ಕಿ ಆಮದು ಮಾಡಬೇಕಾಯಿತು, ಡಾಲರ್ ತರೋ ಚಹಾಗೂ ಏಟು. ಹೊರಗಿಂದ ತರಿಸಿದ ಸಾವಯವ ಗೊಬ್ಬರದ ಹಡಗನ್ನ ರೋಗಾಣು ಇದೆ ಅಂತ ಇಳಿಸಿಕೊಳ್ಳಲಿಲ್ಲ, ದುಡ್ಡು ಮಾತ್ರ ಕಟ್ಟಬೇಕಾಯಿತು. ಸಾವಯವ ತಪ್ಪಲ್ಲ. ಒಂದು ತಾಲ್ಲೂಕಲ್ಲಿ ಮೂರು ಹಂಗಾಮು ನಡೆಸಿ ನೋಡದೆ ದೇಶಕ್ಕೆ ಹೇರಿದ್ದು ತಪ್ಪು.

ಮುಳಬಾಗಿಲು ದಾರಿ

ಬರೀ ಸೋತದ್ದೇ ಆಯಿತು. ಲೆಕ್ಕ ಕೇಳಿ ಗೆದ್ದದ್ದೂ ಹೇಳಬೇಕಲ್ಲ. 1971ರ ಏಪ್ರಿಲಲ್ಲೇ ಪೂರ್ವ ಪಾಕಿಸ್ತಾನಕ್ಕೆ ನುಗ್ಗಬೇಕು ಅನ್ನೋ ಒತ್ತಡ ಇತ್ತು. ಸೇನಾ ಮುಖ್ಯಸ್ಥ ಮಾಣೆಕ್‌ಶಾ ಇಂದಿರಾಗೆ ಎದುರು ನಿಂತ ಕಥೆಗೆ ಉಪ್ಪು ಖಾರ ಸಾಕಷ್ಟು ಸೇರಿದೆ, ಕಾಯೋ ತೀರ್ಮಾನ ಒಬ್ಬರದ್ದಲ್ಲ. ಆದರೆ ಕಾರಣಗಳು ಗಟ್ಟಿ: ಮಳೆಗಾಲದಲ್ಲಿ ಬಂಗಾಳದ ನದಿಗಳು ಸಮುದ್ರ, ಟ್ಯಾಂಕ್ ಹೂತುಹೋಗುತ್ತೆ, ಚಳಿಗಾಲದಲ್ಲಿ ಹಿಮಾಲಯದ ಕಣಿವೆ ಮುಚ್ಚಿದರೆ ಚೀನಾದ ಹೆದರಿಕೆ ಕಡಿಮೆ. ಆ ಏಳೆಂಟು ತಿಂಗಳಲ್ಲಿ ತ್ರಿಪುರಾ ಕಡೆ ರಸ್ತೆ, ಸೇತುವೆ ಸಾಮಗ್ರಿ, ದಾಸ್ತಾನು. ಆಗಸ್ಟ್ 9ಕ್ಕೆ ಸೋವಿಯತ್ ಒಪ್ಪಂದ. ಡಿಸೆಂಬರ್ 3ಕ್ಕೆ ಶುರು, 16ಕ್ಕೆ ಢಾಕಾದಲ್ಲಿ ಶರಣಾಗತಿ. ಒಂಬತ್ತು ವರ್ಷದ ಹಿಂದೆ ಲೆಕ್ಕ ಕೊಟ್ಟವರನ್ನ ಬದಲಾಯಿಸಿದ್ದರು, ಈ ಸಲ ದಿನಾಂಕ ಬದಲಾಯಿಸಿದರು.

ಅದೇ ಸೈನ್ಯ 1987ರಲ್ಲಿ ಶ್ರೀಲಂಕಾಕ್ಕೆ ಶಾಂತಿಪಾಲನೆಗೆ ಅಂತ ಹೋಗಿ, ಕೆಲವೇ ತಿಂಗಳಲ್ಲಿ ತಮಿಳು ಬಂಡುಕೋರರ ಎಲ್‌ಟಿಟಿಇ ಜೊತೆ ಯುದ್ಧಕ್ಕೆ ಬಿತ್ತು. ಒಂದೂವರೆ ಪುಟದ ಒಪ್ಪಂದಕ್ಕೆ ಬಂದೂಕು ಹಿಡಿದವನೇ ಸಹಿ ಹಾಕಿರಲಿಲ್ಲ.

ಗಡಿಯಾರದ ಕಂಬ

ಒಪ್ಪಂದ ಒಂದೂವರೆ ಪುಟ ಅನ್ನೋದು ಸರಿ ಇಲ್ಲ ಸಾರ್, ಅನುಬಂಧ, ಪತ್ರಗಳೂ ಇದ್ದವು. ಸಹಿ ಮಾತು ಸರಿ: ನಮ್ಮ ಪ್ರಧಾನಿ ರಾಜೀವ್, ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಇಬ್ಬರೇ.

ಮುಳಬಾಗಿಲು ದಾರಿ

ಸರಿ ಸಾರ್, ಬಾಯಿಮಾತಿಗೆ ಅಂದದ್ದು, ತಿದ್ದಿಕೊಂಡೆ.

ಕೌಂಟರ್ ನಂ. 3

ನೀತಿಯಲ್ಲಿ ಗೆದ್ದದ್ದಕ್ಕೆ ಪೋಲಿಯೊ. ಕೊನೆಯ ಪ್ರಕರಣ 2011ರ ಜನವರಿ, ಪಶ್ಚಿಮ ಬಂಗಾಳದ ಹೌರಾ. 2014ರ ಮಾರ್ಚಲ್ಲಿ ಪೋಲಿಯೊ ಮುಕ್ತ ಅಂತ ಪ್ರಮಾಣಪತ್ರ. ಅಲ್ಲಿಯ ಜಾಣ್ಮೆ ಲಸಿಕೆಗಿಂತ ಸೀಮೆಸುಣ್ಣದಲ್ಲಿತ್ತು. ಮನೆ ಬಾಗಿಲ ಮೇಲೆ ‘ಪಿ’ ಅಂದ್ರೆ ಆಯಿತು; ಅಡ್ಡಗೆರೆಯ ‘ಎಕ್ಸ್’ ಅಂದ್ರೆ ಮಗು ಸಿಗಲಿಲ್ಲ ಅಥವಾ ಬೇಡ ಅಂದರು. ಮಾರನೇ ದಿನ ತಂಡ ಹೋಗೋದು ಎಕ್ಸ್ ಮನೆಗೆ. ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ, ಬಸ್ ನಿಲ್ದಾಣದಲ್ಲೂ ಪರೀಕ್ಷೆ ಮಾಡಬಹುದು. ಎಷ್ಟು ಹನಿ ಹಾಕಿದೆವು ಅನ್ನೋದರ ಜೊತೆಗೆ ಯಾರು ಉಳಿದರು ಅಂತಲೂ ಎಣಿಸಿದರು. ನೀಲಗಿರಿಯವರು ಇದನ್ನೇ ಮಾಡಲಿಲ್ಲ.

ಎರಡನೇ ಬೆಂಚು

ಹಂಗಾದ್ರೆ ರೋಸ್ ಈರುಳ್ಳಿ ಹೊಲಕ್ಕೆ ಎಕ್ಸ್ ಹಾಕೋರು ಯಾರು?

ಚಿಂತಾಮಣಿ ಮಂಡಿ

ಯಾರೂ ಹಾಕಲ್ಲ ತಮ್ಮಾ, ನಾವೇ ಮೊದಲೇ ಹಾಕಿಡಬೇಕು. ಬಿತ್ತನೆ ಆದ ತಕ್ಷಣ ಹೋಬಳಿವಾರು ಎಕರೆ, ಕೀಳೋ ವಾರ, ಅಂದಾಜು ಟನ್ ಮೂರೂ ಒಂದೇ ಹಾಳೆಗೆ ಬರೆದು ತೋಟಗಾರಿಕೆ ಇಲಾಖೆಗೆ ಕೊಟ್ಟು ಹಿಂಬರಹ ತಗೊಳ್ಳಿ. ಬಂದ್ ಆದ ಮೇಲೆ ಪ್ರಮಾಣಪತ್ರಕ್ಕೆ ಅವರು ಕೇಳೋದು ಇದೇ ಅಂಕಿ. ಅದನ್ನ ಆಗ ಕೂಡಿಸೋಕೆ ಹೋದರೆ ವಾರಗಳು ಹೋಗ್ತವೆ. ನಾಸಿಕ್ ಕಡೆ ಮಳೆ ಹೆಚ್ಚಾಯಿತು, ದೆಹಲಿಯಲ್ಲಿ ಕೆ.ಜಿ. ಬೆಲೆ ಎರಡು ಪಟ್ಟಾಯಿತು ಅಂದ್ರೆ ಗಡ್ಡೆ ಬಲಿತಿದ್ದರೆ ಕೀಳಿ, ಒಣಗಿಸಿ, ಚೆನ್ನೈಗೆ ಏರಿಸಿ. ಲಾರಿ ಬಾಡಿಗೆ ನೂರಿನ್ನೂರು ಜಾಸ್ತಿ ಆದರೂ ಆಗಲಿ.